ಹಮ್‌ಸಾಯ

ಉರ್ದುವಿನಲ್ಲಿ ನೆರೆಯವನಿಗೆ ‘ಹಮ್‌ಸಾಯ’ ಎನ್ನುತ್ತಾರೆ. ಪಾರ್ಸಿಯಿಂದ ಬಂದ ಮಾತು. ಒಂದೇ ನೆರಳಿನಲ್ಲಿ ಇರುವವನು ಎಂದರ್ಥ. ಕನ್ನಡದ ‘ನೆರೆ’ಗೆ ಪಕ್ಕದವನೆಂಬ ಅರ್ಥವೂ ಇದೆ, ಉಕ್ಕಿ ಬರುವ ಹೊಳೆಯೆಂಬ ಅರ್ಥವೂ ಇದೆ. ಶಿವಮೊಗ್ಗದ ವಿನೋಬನಗರದಂತಹ ಬಡಾವಣೆಯಲ್ಲಿ ಹಳೆಯ ಮನೆಯೊಂದನ್ನು ಕೆಡವಿ ನಾಲ್ಕೈದು ಅಂತಸ್ತಿನ ಅಪಾರ್ಟ್‌ಮೆಂಟ್ ಏಳಲಿದೆ ಎಂಬ ಸುದ್ದಿ ಹಬ್ಬಿದರೆ ಅಕ್ಕಪಕ್ಕದವರಿಗೆ ಕಾಣಿಸುವುದು ಎರಡನೆಯ ಅರ್ಥದ ನೆರೆಯೇ.

ಅವರ ಭಯ ಸುಳ್ಳಲ್ಲ. ಭವಿಷ್ಯನಿಧಿಯ ಹಣ ತೆಗೆದು, ಸಾಲ ಮಾಡಿ ಕಟ್ಟಿದ ಮನೆ. ದಾಸವಾಳದ ಗಿಡ, ಹಪ್ಪಳ ಒಣಗಿಸುವ ತಾರಸಿ. ನಾಳೆ ಅಲ್ಲಿ ಬಿಸಿಲು ಬೀಳುವುದಿಲ್ಲ. ಮೇಲಿನ ಬಾಲ್ಕನಿಯಲ್ಲಿ ನಿಂತವರಿಗೆ ಅಂಗಳದ ಹೆಣ್ಣುಮಕ್ಕಳು ಕಾಣುತ್ತಾರೆ. ಇದು ಪರದೆ ಪಾಲಿಸುವ ಮನೆಗಳ ಕಷ್ಟ ಮಾತ್ರ ಎಂದುಕೊಳ್ಳಬೇಡಿ. 1882ರ ಈಸ್‌ಮೆಂಟ್ಸ್ ಕಾಯಿದೆಯ ಪ್ರಕಾರ ಇಪ್ಪತ್ತು ವರ್ಷ ತಡೆಯಿಲ್ಲದೆ ಕಟ್ಟಡಕ್ಕೆ ದೊರೆತ ಗಾಳಿ ಬೆಳಕು ಹಕ್ಕಾಗುತ್ತದೆ. ನೆರೆಮನೆಯ ಖಾಸಗಿತನ ಕೆಡುವಂತೆ ಹೊಸ ಕಿಟಕಿ ತೆರೆಯಬಾರದೆಂಬ ಊರ ರೂಢಿಯನ್ನೂ ಆ ಕಾಯಿದೆ ಉದಾಹರಣೆಯಾಗಿ ಕೊಡುತ್ತದೆ.

ಹನಫಿ ಫಿಕ್ಹ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಷುಫಾ’ ಎಂಬ ಹಕ್ಕನ್ನು ಮಾನ್ಯ ಮಾಡಿತು. ಪಕ್ಕದ ಜಾಗ ಮಾರಾಟಕ್ಕೆ ಬಂದರೆ ಅದೇ ಬೆಲೆಗೆ ಕೊಳ್ಳುವ ಮೊದಲ ಅವಕಾಶ ನೆರೆಯವನಿಗೆ. (ಬಿಲ್ಡರ್ ಕೊಡುವ ಬೆಲೆಯನ್ನು ಪಿಂಚಣಿದಾರ ಎಲ್ಲಿಂದ ತರಬೇಕು ಎಂಬುದು ಬೇರೆ ಮಾತು.) ಆದರೆ 1962ರಲ್ಲಿ ಸುಪ್ರೀಂ ಕೋರ್ಟು, ಬರೀ ನೆರೆತನದ ಆಧಾರದ ಇಂತಹ ಹಕ್ಕು ಸಂವಿಧಾನದಡಿ ನಿಲ್ಲುವುದಿಲ್ಲ ಎಂದಿತು. ಬೇರೆ ಜಾತಿ, ಬೇರೆ ಮತದ ಅಪರಿಚಿತರನ್ನು ಹೊರಗಿಡುವುದು ಅದರ ಉದ್ದೇಶಗಳಲ್ಲೊಂದು ಎಂಬುದನ್ನು ನ್ಯಾಯಾಲಯ ಗುರುತಿಸಿತ್ತು. ನಮ್ಮದೇ ಧರ್ಮಶಾಸ್ತ್ರದ ಒಂದು ಹಕ್ಕಿಗೆ ಬಿದ್ದ ಈ ಪೆಟ್ಟು ನನಗೆ ಸರಿಯೆಂದೇ ತೋರುತ್ತದೆ.

ಯಾಕೆಂದರೆ ಅಪಾರ್ಟ್‌ಮೆಂಟ್ ಬೇಡವೆನ್ನುವವರ ಮಾತು ಕೇಳಿ ನೋಡಿ. ಬಿಸಿಲು, ನೀರು, ಚರಂಡಿ, ಪಾರ್ಕಿಂಗ್ ಎಲ್ಲ ಗಟ್ಟಿ ದನಿಯಲ್ಲಿ. ಆಮೇಲೆ ದನಿ ತಗ್ಗಿಸಿ, “ಎಂಥವರು ಬಂದು ಸೇರ್ತಾರೋ ಏನೋ.” ಹೆಸರು ಹೇಳಿದ ಕೂಡಲೇ ಬಾಡಿಗೆ ಮನೆ ಬೇರೆಯವರಿಗೆ ಹೋಗಿಬಿಡುವ ಅನುಭವ ಇರುವವರಿಗೆ ಈ ‘ಎಂಥವರು’ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ದಲಿತರಿಗೂ ಗೊತ್ತು, ಒಂಟಿ ಹೆಣ್ಣಿಗೂ ಗೊತ್ತು. ನಮ್ಮ ಮೊಹಲ್ಲಾಗಳಲ್ಲೂ ಇದೇ ಪಿಸುಮಾತು ಬಡವರ ಬಗ್ಗೆ ನಡೆಯುತ್ತದೆ.

ಬಡಾವಣೆಯ ಹೆಸರಿನತ್ತ ಒಮ್ಮೆ ನೋಡಬೇಕು. 1951ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ನೂರು ಎಕರೆ ದಾನ ಪಡೆದು ಭೂದಾನ ಆರಂಭಿಸಿದ ವಿನೋಬಾ, ಐದು ಮಕ್ಕಳಿದ್ದವನ ಬಳಿ ತನ್ನನ್ನು ಆರನೆಯ ಮಗನೆಂದು ತಿಳಿದು ಪಾಲು ಕೊಡುವಂತೆ ಕೇಳುತ್ತಿದ್ದರು. ನೆರೆಯವನ ಬಗ್ಗೆ ಜಿಬ್ರೀಲ್ ಎಷ್ಟು ಒತ್ತಿ ಹೇಳಿದರೆಂದರೆ, ಅವನನ್ನು ವಾರಸುದಾರನನ್ನಾಗಿಯೇ ಮಾಡಿಬಿಡುತ್ತಾರೇನೋ ಎಂದು ಪ್ರವಾದಿಯವರಿಗೆ ಅನ್ನಿಸಿತ್ತಂತೆ. ಎರಡೂ ಕಡೆ ಹೊರಗಿನವನು ಪಾಲಿನೊಳಗೆ ಬರುತ್ತಾನೆ. ಅದೇ 1951ರಲ್ಲಿ ನಮ್ಮ ಜಿಲ್ಲೆಯ ಕಾಗೋಡಿನ ಗೇಣಿದಾರರು ಬೇಡಲಿಲ್ಲ, ಸತ್ಯಾಗ್ರಹ ಹೂಡಿದರು.

ಹಾಗೆಂದು ಬಿಲ್ಡರನ್ನು ಭೂದಾನಿ ಮಾಡಲಾಗದು. 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಪ್ರತಿ ಫ್ಲಾಟಿನವನಿಗೂ ನೆಲದಲ್ಲಿ ಅವಿಭಜಿತ ಪಾಲು ಕೊಡುತ್ತದೆ, ನಿಜ. ಒಂದು ಮನೆಯಿದ್ದಲ್ಲಿ ಹತ್ತು ಸಂಸಾರ ಹಿಡಿಯುತ್ತವೆ. ಆದರೆ ಆ ಪಾಲು ಬ್ಯಾಂಕು ಸಾಲ ಕೊಡುವವನಿಗೆ ಮಾತ್ರ. ಆ ಮೆಟ್ಟಿಲು ಗುಡಿಸುವ ಹೆಂಗಸಿಗೆ ಪಾಲಿಲ್ಲ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ನಗರದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ಪಾತ್ರೆಪಡಗ ಹೊತ್ತು ಹೊರಬಂದವರು ಅವಳಂಥವರೇ.

ಹಾಗಾಗಿ ಬಡಾವಣೆಯವರು ಜಗಳ ಮಾಡಲಿ, ಮಾಡಲೇಬೇಕು. ಸುತ್ತ ಎಷ್ಟು ಅಡಿ ಜಾಗ ಬಿಡುತ್ತೀರಿ, ಕಿಟಕಿ ಯಾವ ಕಡೆಗೆ, ಬೋರ್‌ವೆಲ್ ಎಷ್ಟು, ಗಾಡಿಗಳು ರಸ್ತೆಗೆ ಬರುತ್ತವೋ ಒಳಗೇ ನಿಲ್ಲುತ್ತವೋ, ಕಾವಲುಗಾರನ ಸಂಸಾರಕ್ಕೆ ಕೋಣೆ ಇದೆಯೋ, ಮೆಟ್ಟಿಲ ಕೆಳಗಿನ ಸಂದೋ? ನಕ್ಷೆ ಮಂಜೂರಾಗುವ ಮೊದಲೇ ಪಾಲಿಕೆಗೆ ಹೋಗಿ ಇವನ್ನೆಲ್ಲ ಕೇಳಲಿ. ಆ ಅರ್ಜಿಯಲ್ಲಿ ಕೊಳ್ಳುವವರ ಹೆಸರು ಬರಬೇಕಿಲ್ಲ.