ಹೈಸ್ಕೂಲಿನ ಹಾಸ್ಯ, ಕಿರಿಯರ ಕಣ್ಣು

ಹೈಸ್ಕೂಲು ಹುಡುಗ ಹುಡುಗಿಯರ ತಮಾಷೆ, ಪ್ರೀತಿ, ಜಗಳಗಳ ಹಾಸ್ಯ ಧಾರಾವಾಹಿಗಳನ್ನು ಆಸೆಯಿಂದ ನೋಡುವವರಲ್ಲಿ ಇನ್ನೂ ಹೈಸ್ಕೂಲಿನ ಮೆಟ್ಟಿಲು ಹತ್ತದ ಮಕ್ಕಳೂ ಇರುತ್ತಾರೆ. ಐದನೆಯ ತರಗತಿಯ ಮಗುವಿಗೆ ಅದು ತಾನು ನಾಳೆ ಸೇರಲಿರುವ ಲೋಕ. ಅದು ಅವರಿಗೆ ತಕ್ಕದ್ದೇ ಎಂಬ ಪ್ರಶ್ನೆ ಮನೆಗಳಲ್ಲಿ ಸಾಮಾನ್ಯವಾಗಿ ಬೈಗುಳ, ಮುತ್ತು, ಸಿಗರೇಟುಗಳ ಲೆಕ್ಕಕ್ಕೇ ನಿಂತುಬಿಡುತ್ತದೆ. ಆ ಲೆಕ್ಕವೂ ಬೇಕು. ಆದರೆ ಅದಕ್ಕಿಂತ ಮುಖ್ಯವಾದದ್ದು ಬೇರೆ: ಗೇಲಿಗೆ ಸಿಕ್ಕವನ ಪಾಡೇನಾಯಿತು, ಕಿಡಿಗೇಡಿತನ ಮಾಡಿದವನ ಗತಿಯೇನಾಯಿತು ಎಂದು ಕಥೆ ಹಿಂದಿರುಗಿ ನೋಡುತ್ತದೆಯೇ?

ಇದನ್ನು ಪರೀಕ್ಷಿಸಲು ಶಿವಮೊಗ್ಗದವರು ದೂರ ಹೋಗಬೇಕಿಲ್ಲ. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರೀಕರಣಗೊಂಡು ದೂರದರ್ಶನದಲ್ಲಿ ಪ್ರಸಾರವಾಯಿತು. ಅದರಲ್ಲಿ ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ್ ಕಾರ್ನಾಡ್ ಅವನ ತಂದೆಯಾಗಿ ನಟಿಸಿದರು. ಸ್ವಾಮಿಯ ಕಂತುಗಳಿಗೆ ಆಧಾರ ಆರ್.ಕೆ. ನಾರಾಯಣರ 1935ರ ಕಾದಂಬರಿ. ಅದರಲ್ಲಿ ಹತ್ತು ವರ್ಷದ ಹುಡುಗ ಚಳವಳಿಯ ಗುಂಪಿನೊಡನೆ ಸೇರಿ ಶಾಲೆಯ ಕಿಟಕಿ ಗಾಜು ಒಡೆಯುತ್ತಾನೆ, ವಿದೇಶಿಯೆಂದು ತಿಳಿದು ತನ್ನ ಟೋಪಿಯನ್ನು ಬೆಂಕಿಗೆ ಹಾಕುತ್ತಾನೆ, ಕೊನೆಗೆ ಮನೆಬಿಟ್ಟು ಓಡುತ್ತಾನೆ. ಎಲ್ಲವೂ ಮಕ್ಕಳು ನೋಡಿ ಕಲಿತುಬಿಡಬಹುದಾದ ಕೆಲಸಗಳೇ. ಹಾಗಿದ್ದೂ ಅದು ಹತ್ತು ವರ್ಷದವರಿಗೆ ತಕ್ಕ ಕಥೆ. ಸುಟ್ಟ ಟೋಪಿ ಖಾದಿಯದೇ ಆಗಿತ್ತೆಂದು ಆಮೇಲೆ ತಿಳಿಯುತ್ತದೆ. ಓಡಿಹೋದವನ ಹಿಂದೆಯೇ ಕಥೆಯೂ ಕತ್ತಲ ಕಾಡಿಗೆ ನಡೆಯುತ್ತದೆ. ದಾರಿ ತಪ್ಪಿದ ಅವನ ಭಯ ನೋಡುವ ಮಗುವಿಗೂ ತಟ್ಟುತ್ತದೆ. ಕ್ರಿಕೆಟ್ ಪಂದ್ಯ ಕೈತಪ್ಪುತ್ತದೆ, ಗೆಳೆಯ ರಾಜಮ್ ಮಾತು ಬಿಡುತ್ತಾನೆ. ನಗಿಸಿದ ಪ್ರತಿಯೊಂದು ತುಂಟತನಕ್ಕೂ ಅದರ ಬೆಲೆ ಕಣ್ಣೆದುರೇ ಬರುತ್ತದೆ.

ಈಗಿನ ಹದಿಹರೆಯದ ಧಾರಾವಾಹಿಗಳಲ್ಲೂ ಈ ಬೆಲೆ ಇಲ್ಲವೆಂದಲ್ಲ, ಬರುವುದು ತಡ. ನೆಟ್‌ಫ್ಲಿಕ್ಸ್‌ನ ‘ನೆವರ್ ಹ್ಯಾವ್ ಐ ಎವರ್’ (2020–2023) ಅಮೆರಿಕದ ತಮಿಳು ಕುಟುಂಬವೊಂದರ ಹುಡುಗಿ ದೇವಿಯ ಕಥೆ. ಎರಡನೆಯ ಸೀಸನ್ನಿನಲ್ಲಿ ಹೊಸ ಸಹಪಾಠಿ ಅನೀಸಾಳ ಮೇಲಿನ ಹೊಟ್ಟೆಕಿಚ್ಚಿಗೆ, ಅವಳು ಊಟ ಬಿಟ್ಟು ಸೊರಗುವ ಕಾಯಿಲೆಯವಳೆಂದು ದೇವಿ ಬಾಯಿಬಿಡುತ್ತಾಳೆ. ಮಾತು ಶಾಲೆಯಿಡೀ ಹಬ್ಬುತ್ತದೆ. ಅನೀಸಾ ನಿಜಕ್ಕೂ ಆ ಕಾಯಿಲೆಯೊಡನೆ ಹೆಣಗಿದವಳು. ಹದಿನಾರರವರು ಈ ಪೆಟ್ಟನ್ನು ಗುರುತಿಸುತ್ತಾರೆ, ಕಂತಿನಿಂದ ಕಂತಿಗೆ ಹಿಡಿದಿಟ್ಟುಕೊಳ್ಳುತ್ತಾರೆ. ಹತ್ತು ವರ್ಷದ ಮಗುವಿನ ನೆನಪಿನಲ್ಲಿ ಉಳಿಯುವುದು ದೇವಿಯ ಚುರುಕು ನಾಲಿಗೆ. ಅಲ್ಲಿನ ಹೈಸ್ಕೂಲಿನವರು ಹದಿನಾಲ್ಕರಿಂದ ಹದಿನೆಂಟರ ವಯಸ್ಸಿನವರು, ನಮ್ಮಲ್ಲಾದರೆ ಪಿಯುಸಿವರೆಗಿನವರು. ಭದ್ರಾವತಿಯ ಪ್ರೈಮರಿ ಶಾಲೆಯ ಮಗುವಿಗೆ ಆ ಡೇಟಿಂಗ್, ಆ ಪಾರ್ಟಿ ಯಾವುದೂ ದಿನನಿತ್ಯದ್ದಲ್ಲ. ಅಲ್ಲಿಂದ ಅದು ತನ್ನ ತರಗತಿಗೆ ತರಬಹುದಾದದ್ದು ಚುಚ್ಚುವ ಮಾತಿನ ವರಸೆ ಮಾತ್ರ.

ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಓಟಿಟಿ ಕಥೆಗಳನ್ನು ಯು, ಯು/ಎ 7+, 13+, 16+, ಎ ಎಂದು ವಿಂಗಡಿಸಿ, 13+ ಮತ್ತು ಮೇಲಿನವಕ್ಕೆ ಪೋಷಕರ ಬೀಗ ಇರಬೇಕೆಂದಿವೆ. ಹಿಂಸೆ, ನಗ್ನತೆ, ಭಾಷೆ, ಮಾದಕ ವಸ್ತು, ಅನುಕರಿಸಬಹುದಾದ ನಡತೆ, ತಾರತಮ್ಯ ಎಲ್ಲವೂ ಅಲ್ಲಿ ಅಳತೆಗೋಲುಗಳು. ಇದು ಉಪಯುಕ್ತ ವ್ಯವಸ್ಥೆಯೇ. ಆದರೆ ಒಬ್ಬಳನ್ನು ಹೀಯಾಳಿಸಿ ನಗಿಸುವುದಕ್ಕೆ ಅಲ್ಲಿ ಪ್ರತ್ಯೇಕ ಶೀರ್ಷಿಕೆಯಿಲ್ಲ, ಕಥೆ ಅವಳತ್ತ ಮರಳಿತೇ ಎಂದು ಯಾವ ಅಂಕಿಯೂ ಹೇಳದು.

ಮರಳುವ ಕಥೆ ಹೇಗಿರುತ್ತದೆಂಬುದಕ್ಕೆ ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ 2023ರಲ್ಲಿ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ ಸಾಕ್ಷಿ. ಕಾಲೇಜಿಗೆ ಬಂದ ಒಬ್ಬನೇ ಮುಸ್ಲಿಂ ಹುಡುಗನ ಸುತ್ತ ಹುಟ್ಟಿದ ನಗು, ಅವನ ಬಗ್ಗೆ ಇಲ್ಲಸಲ್ಲದ್ದು ಕಲ್ಪಿಸಿಕೊಂಡ ಸಹಪಾಠಿಗಳ ಮೇಲೆಯೇ ತಿರುಗುತ್ತದೆ.

ಇನ್ನೊಂದು ತೊಡಕು ನೋಡುವ ರೀತಿಯದು. ದೂರದರ್ಶನದ ಕಾಲದಲ್ಲಿ ಟಿವಿಯಿದ್ದ ಮನೆಯ ಜಗಲಿ ನಡುಮನೆಗಳಲ್ಲಿ ಅಕ್ಕಪಕ್ಕದವರೂ ಕೂತು ಕಂತನ್ನು ಪೂರ್ತಿ ನೋಡುತ್ತಿದ್ದರು. ಈಗ ಅದೇ ಧಾರಾವಾಹಿಯ ಅರ್ಧ ನಿಮಿಷದ ತುಣುಕು ರೀಲ್ಸ್ ಆಗಿ ಮಗುವಿನ ಕೈಗೆ ಬರುತ್ತದೆ. ಅವಮಾನದ ಮಾತು ಸಿಗುತ್ತದೆ, ಅದಕ್ಕೆ ತೆತ್ತ ಬೆಲೆ ಕತ್ತರಿಯಲ್ಲಿ ಹೋಗಿರುತ್ತದೆ. ಹತ್ತು ಹನ್ನೆರಡರ ಮಕ್ಕಳಿಗೆ ಇಂಥದ್ದನ್ನು ತೋರಿಸುವುದಾದರೆ ಕಥೆಯನ್ನು ಪೂರ್ತಿ ತೋರಿಸಬೇಕು, ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಅಷ್ಟು ಬಿಡುವಿಲ್ಲದ ಮನೆಗಳು ಮಗು ಎಂಟನೆಯ ತರಗತಿಗೆ ಬರುವವರೆಗೆ ಕಾಯುವುದು ಲೇಸು.