ಒಲೆಯ ಮುಂದಿನ ದುಡಿಮೆ

ಸ್ತ್ರೀವಾದ, ಕಮ್ಯುನಿಸಂ ಎಂದೊಡನೆ ನಮ್ಮಲ್ಲಿ ಕೆಲವರಿಗೆ ದಿಗಿಲು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೋಡಿ. 1936ರಲ್ಲಿ ಮೀರತ್‌ನಲ್ಲಿ ನಡೆದ ಕಾಂಗ್ರೆಸ್ ಸಮಾಜವಾದಿಗಳ ಅಧಿವೇಶನಕ್ಕೆ ಅಧ್ಯಕ್ಷೆಯಾದರೂ ಕಮ್ಯುನಿಸ್ಟ್ ಪಕ್ಷ ಸೇರಲಿಲ್ಲ. ಹೆಣ್ಣಿನ ಹಕ್ಕಿಗಾಗಿ ಹೋರಾಡಿದರು. ಅದನ್ನು ಗಂಡಸರ ಮೇಲಿನ ಯುದ್ಧವೆಂದು ಒಪ್ಪಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟರೇ? ನನಗಂತೂ ಹಾಗೆನಿಸದು. ಮನೆಗೆಲಸವೂ ದುಡಿಮೆಯೇ ಎಂಬುದು ಅವರ ವಾದ. ಕೂಲಿಯ ಲೆಕ್ಕವನ್ನಷ್ಟೇ ಹಿಡಿದರೆ ಒಲೆಯ ಮುಂದಿನವಳು ಬಿಟ್ಟುಹೋಗುತ್ತಾಳೆ. ಹೆಣ್ಣೆಂಬ ಲೆಕ್ಕವನ್ನಷ್ಟೇ ಹಿಡಿದರೆ ಜಮೀನಿನ ಒಡತಿಯೂ ಕೂಲಿಯಾಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಕ್ಕಿಹೆಬ್ಬಾಳಿನ ಗದ್ದೆಯಲ್ಲಿ ನಾಟಿ ಮಾಡಿ ಬಂದವಳು ಸಂಜೆ ಮತ್ತೆ ಮುದ್ದೆ ತೊಳಸಲು ಕೂರುತ್ತಾಳಲ್ಲ, ಪ್ರಿಯ ಓದುಗರೇ, ಆ ಎರಡನೆಯ ಪಾಳಿಗೆ ನಿಮ್ಮ ಮನೆಯಲ್ಲಿ ಕೈಜೋಡಿಸುವವರು ಯಾರು?