ಬೆರಳಿನ ಒಡೆಯ

ನನ್ನ ಬೆರಳು, ನನ್ನಿಷ್ಟ ಎಂದು ಒಬ್ಬ ಮನುಷ್ಯ ಹೇಳಿದರೆ ಅದಕ್ಕೆ ಉತ್ತರ ಕೊಡುವುದು ಮೇಲುನೋಟಕ್ಕೆ ಕಂಡಷ್ಟು ಸುಲಭವಲ್ಲ. ಬೆರಳು ಅವನದೇ, ಹೋದರೆ ನೋವೂ ಅವನದೇ. ನಮ್ಮ ಹೊಲದ ಬದುವನ್ನು ಬೇರೆಯವರು ಒಂದು ಗೇಣು ಒತ್ತಿದರೆ ಜಗಳಕ್ಕೆ ನಿಲ್ಲುವ ನಾವು, ಇನ್ನೊಬ್ಬನ ಮೈಯ ಬದುವನ್ನು ದಾಟಿ ಬುದ್ಧಿ ಹೇಳಲು ಹೋಗುವುದು ಯಾವ ನ್ಯಾಯ? ಈ ಮಾತು ನನಗೆ ಸಿಕ್ಕಿದ್ದು ನೀತಿಶಾಸ್ತ್ರದ ಪುಸ್ತಕದಲ್ಲಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯ ಕೊನೆಗೆ ಏಳುತ್ತಿದ್ದ ಹೊಸ ಮನೆಯೊಂದರಲ್ಲಿ ಮರಗೆಲಸ ಮಾಡುತ್ತಿದ್ದ ಆಚಾರಿಯೊಬ್ಬರು ಹೇಳಿದ್ದು. ಅವರ ಗರಗಸದ ಗಾರ್ಡನ್ನು ತಂತಿಯಿಂದ ಮೇಲಕ್ಕೆ ಎತ್ತಿ ಕಟ್ಟಿದ್ದರು. ಯಾಕೆ ಆಚಾರ್ರೆ ಎಂದು ಕೇಳಿದೆ. "ಅಡ್ಡ ಬತ್ತದೆ ಮೇಷ್ಟ್ರೆ, ಗೆರೆ ಕಾಣಾಕಿಲ್ಲ. ನನ್ನ ಬೆರಳು, ನನ್ನಿಷ್ಟ ಬಿಡಿ" ಎಂದು ನಕ್ಕರು. ನಗುವಿನಲ್ಲಿ ಒರಟುತನವಿರಲಿಲ್ಲ. ಅದಕ್ಕೇ ಆ ಮಾತು ನನ್ನನ್ನು ಬಿಡಲಿಲ್ಲ.

ಆ ಗರಗಸ ಬ್ಯಾಟರಿಯದು. ಅಂಗಡಿಯವರು ಕಾರ್ಡ್‌ಲೆಸ್ ಮೈಟರ್ ಸಾ ಎನ್ನುತ್ತಾರೆ. ಕೆಲಸದವರ ಬಾಯಲ್ಲಿ ಬರೀ ಕಟಿಂಗ್ ಮಷೀನು. ಅಡಿಯಲ್ಲಿ ತಿರುಗುವ ಒಂದು ತಟ್ಟೆ, ಹಿಂದೆ ಮರ ಒರಗಲು ನೆಟ್ಟನೆಯ ಒಂದು ಪಟ್ಟಿ, ಮೇಲೆ ಕೀಲಿನ ತೋಳಿನ ತುದಿಗೆ ದುಂಡು ಬ್ಲೇಡು. ತಟ್ಟೆಯನ್ನು 45 ಡಿಗ್ರಿಗೆ ತಿರುಗಿಸಿ ಎರಡು ಪಟ್ಟಿ ಕೊಯ್ದರೆ ಅವು ಮೂಲೆಯಲ್ಲಿ ಕೂದಲೂ ತೂರದಂತೆ ಸೇರಿಕೊಳ್ಳುತ್ತವೆ. ಹಿಂದೆ ಇದಕ್ಕೆ ಮೂಲೆಮಟ್ಟ ಇಟ್ಟು ಗೆರೆ ಎಳೆದು, ಕೈಗರಗಸದಲ್ಲಿ ಉಸಿರು ಬಿಗಿಹಿಡಿದು ಕೊಯ್ದು, ಹತ್ತರಿ ಹಾಕಿ ತಿದ್ದಬೇಕಾಗಿತ್ತು. ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷಕ್ಕೆ ಇಳಿದಿದೆ. ಇದನ್ನು ಹಳಿಯುವ ಮನಸ್ಸು ನನಗಿಲ್ಲ. ಇಡೀ ದಿನ ಕೈಗರಗಸ ಎಳೆದವರ ಭುಜ ಐವತ್ತಕ್ಕೆ ಏನಾಗುತ್ತದೆಂಬುದನ್ನು ನೋಡಿದ್ದೇನೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಣ್ಣ ಎಂಬ ಬಡಗಿಯೊಬ್ಬನಿದ್ದ. ಹಿಡಿದ ಉಪಕರಣವೇ ಅವನ ಹೆಸರಿನ ಭಾಗವಾಗಿತ್ತು. ಬಾಚಿಗೆ ಗಾರ್ಡಿರಲಿಲ್ಲ, ಉಳಿಗೂ ಇರಲಿಲ್ಲ. ಹಾಗಾದರೆ ಈ ಯಂತ್ರಕ್ಕೆ ಮಾತ್ರ ಯಾಕೆ ಬೇಕು? ಯೋಚಿಸಿದರೆ ಕಾರಣ ಹೊಳೆಯುತ್ತದೆ. ಕೈ ನಿಂತರೆ ಬಾಚಿ ನಿಲ್ಲುತ್ತದೆ. ಬೇಡವೆಂಬ ಮನಸ್ಸಿಗೂ ನಿಲ್ಲುವ ಅಲಗಿಗೂ ನಡುವೆ ಅಂತರವಿಲ್ಲ. ಈ ಯಂತ್ರದಲ್ಲಿ ಸ್ವಿಚ್ಚು ಬಿಟ್ಟ ಮೇಲೂ ಬ್ಲೇಡು ತಿರುಗುತ್ತಿರುತ್ತದೆ. ಬ್ರೇಕಿರುವ ಒಳ್ಳೆಯ ಯಂತ್ರಗಳಲ್ಲೂ ಕೆಲವು ಸೆಕೆಂಡು ಬೇಕು. ಹತ್ತಿಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಹಲ್ಲುಗಳ ವೇಗ ಗಂಟೆಗೆ ಸುಮಾರು 190 ಕಿಲೋಮೀಟರು. ಬೇಕಾದರೆ ನೀವೇ ಗುಣಿಸಿ ನೋಡಿ. ನಮ್ಮ ಮನಸ್ಸು ಬೇಡವೆಂದ ಮೇಲೂ ಯಂತ್ರ ಬೇಕೆನ್ನುತ್ತಿರುವ ಆ ಕೆಲವು ಸೆಕೆಂಡುಗಳಿಗಾಗಿ ಗಾರ್ಡು. ತೋಳು ಕೆಳಗಿಳಿದಂತೆ ತಾನೇ ಸರಿಯುತ್ತದೆ, ಮೇಲೆದ್ದಂತೆ ತಾನೇ ಮುಚ್ಚುತ್ತದೆ. ಹೊಟ್ಟು ಸಿಕ್ಕಿಕೊಂಡು ಬಿಗಿಯಾದರೆ ಬ್ಯಾಟರಿ ತೆಗೆದು ಬ್ರಷ್ಷಿನಿಂದ ಒರೆಸಿದರೆ ಸರಿಹೋಗುತ್ತದೆ. ತಂತಿ ಕಟ್ಟಬೇಕಾಗಿಲ್ಲ.

ಯಂತ್ರದ ಜೊತೆಗೆ ಬಂದ ಪುಸ್ತಕವನ್ನು ಆಚಾರ್ರು ನನ್ನ ಕೈಗೇ ಕೊಟ್ಟಿದ್ದರು. ಅದರಲ್ಲಿ ಹಲವು ಭಾಷೆಗಳಿದ್ದವು, ಕನ್ನಡವಿರಲಿಲ್ಲ. ಮೇಷ್ಟ್ರ ಚಾಳಿ, ಪೂರ್ತಿ ಓದಿದೆ. ಅದರಲ್ಲಿದ್ದುದರ ಬಹುಭಾಗ ಯಂತ್ರ ಓಡುವುದಕ್ಕೆ ಮುಂಚಿನದು. ಅಲುಗದ, ಸಮತಟ್ಟಾದ ಮೇಜಿಗೆ ಬೋಲ್ಟು ಹಾಕಿ ಕೂರಿಸಬೇಕು. ನೆಲದ ಮೇಲಿಟ್ಟು ಕುಕ್ಕರಗಾಲಿನಲ್ಲಿ ಕೂತು ಕೊಯ್ದರೆ ಮೈಯ ಭಾರವೆಲ್ಲ ಬ್ಲೇಡಿನತ್ತ ವಾಲುತ್ತದೆ. ಉದ್ದನೆಯ ಪಟ್ಟಿಗೆ ಎರಡೂ ತುದಿಯಲ್ಲಿ ತಟ್ಟೆಯಷ್ಟೇ ಎತ್ತರದ ಆನಿಕೆ ಬೇಕು, ಇಲ್ಲದಿದ್ದರೆ ಕೊಯ್ಯುತ್ತಿರುವಾಗಲೇ ತುದಿ ಜೋತು ಬ್ಲೇಡನ್ನು ಕಚ್ಚಿಕೊಳ್ಳುತ್ತದೆ. ಡೊಂಕಿರುವ ಮರವಾದರೆ ಅದರ ಉಬ್ಬು ಹಿಂದಿನ ಪಟ್ಟಿಗೆ ತಾಗಬೇಕು. ಕೈ ಬ್ಲೇಡಿನಿಂದ ಆರಿಂಚಾದರೂ ದೂರವಿರಬೇಕು. ಅಷ್ಟು ದೂರ ಸಿಗದ ಚಿಕ್ಕ ತುಂಡನ್ನು ಕೈಯಲ್ಲಿ ಹಿಡಿಯಬಾರದು, ಕ್ಲ್ಯಾಂಪು ಹಾಕಬೇಕು. ಬಲಗಡೆಯ ಮರವನ್ನು ಎಡಗೈಯಲ್ಲಿ ಹಿಡಿದು ತೋಳು ಅಡ್ಡ ಹಾಯಿಸಬಾರದು. ಬ್ಲೇಡು ಪೂರ್ತಿ ವೇಗಕ್ಕೆ ಬಂದ ಮೇಲೆ ಮರಕ್ಕೆ ತಾಗಿಸಿ, ಕೊಯ್ದಾದ ಮೇಲೆ ಸ್ವಿಚ್ಚು ಬಿಟ್ಟು, ಅದು ನಿಲ್ಲುವ ತನಕ ಕೆಳಗೇ ಹಿಡಿದು, ಆಮೇಲೆ ಎತ್ತಬೇಕು. ಮೊದಲೇ ಎತ್ತಿದರೆ ತುಂಡು ಹಾರುತ್ತದೆ. ಕೈಗವಸು ಹಾಕಬಾರದೆಂಬುದನ್ನು ಓದಿ ನನಗೆ ಆಶ್ಚರ್ಯವಾಯಿತು. ಬ್ಲೇಡು ಚರ್ಮವನ್ನು ಕೊಯ್ದರೆ ಬಟ್ಟೆಯನ್ನು ಎಳೆದುಕೊಳ್ಳುತ್ತದಂತೆ, ಹಿಂದೆಯೇ ಕೈಯನ್ನೂ. ಲುಂಗಿಯ ಮಾತೂ ಅದೇ. ಕಣ್ಣಿಗೆ ಕನ್ನಡಕ, ಕಿವಿಗೆ ಬಿರಡೆ, ಮೂಗಿಗೆ ಮುಸುಕು. ಈ ಕೊನೆಯದನ್ನು ನಮ್ಮವರು ಕೆಮ್ಮಿನ ವಿಷಯವೆಂದುಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಪುಡಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ 1995ರಲ್ಲೇ ಪ್ರಕಟಿಸಿದೆ.

ಇನ್ನು ತಂತಿಯಿಲ್ಲದ ಯಂತ್ರದ ವಿಶೇಷ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ, ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಎಲ್ಲಿ ಬೇಕಾದರೂ ಇಡಬಹುದೆಂಬುದೇ ಅದರ ಕೇಡೂ ಹೌದು. ಮರಳಿನ ಗುಡ್ಡೆಯ ಪಕ್ಕದಲ್ಲಿ, ಮೆಟ್ಟಿಲ ಮೇಲೆ, ಎರಡು ಸಿಮೆಂಟ್ ಇಟ್ಟಿಗೆಯ ಮೇಲೆ ಇಟ್ಟಿದ್ದನ್ನು ನೋಡಿದ್ದೇನೆ. ತಂತಿಯಿದ್ದ ಯಂತ್ರದ ಪ್ಲಗ್ಗು ಕಿತ್ತು ಬಿದ್ದಿದ್ದರೆ ಅದು ಸತ್ತಿದೆಯೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಇದು ಸುಮ್ಮನೆ ಕೂತಿರುವಾಗಲೂ ಜೀವಂತ. ಆದ್ದರಿಂದ ಬ್ಲೇಡು ಬದಲಿಸುವಾಗ, ಸಿಕ್ಕಿಕೊಂಡ ಚೂರು ತೆಗೆಯುವಾಗ, ಊಟಕ್ಕೆ ಏಳುವಾಗ ಬ್ಯಾಟರಿ ಕಳಚಿಡಬೇಕು. ಅದನ್ನೂ ಮೊಳೆಯ ಡಬ್ಬಿಯಲ್ಲಿ ಹಾಕಬಾರದು, ಮೊಳೆ ಎರಡು ತುದಿಗೆ ತಗುಲಿದರೆ ಬೆಂಕಿ.

ಓದಿ ಮುಗಿಸಿದಾಗ ನನಗೆ ಅನ್ನಿಸಿದ್ದೇನೆಂದರೆ, ಇದರಲ್ಲಿ ಜಾಣತನ ಬೇಡುವ ಸಂಗತಿ ಒಂದೂ ಇಲ್ಲ. ಎಲ್ಲವೂ ಬೇಡುವುದು ಹೊತ್ತನ್ನು. ಮೇಜು ಹೂಡಲು ಮುಕ್ಕಾಲು ಗಂಟೆ, ಕ್ಲ್ಯಾಂಪಿಗೆ ಅರ್ಧ ನಿಮಿಷ, ಬ್ಲೇಡು ನಿಲ್ಲುವುದನ್ನು ಕಾಯಲು ಮೂರು ಸೆಕೆಂಡು. ಹಾಗಾದರೆ ಕೇಳಬೇಕಾದ ಪ್ರಶ್ನೆ ಬೆರಳು ಯಾರದೆಂದಲ್ಲ, ಹೊತ್ತು ಯಾರದೆಂದು. ನಮ್ಮ ಕಡೆ ಮರಗೆಲಸದ ಮಾತುಕತೆ ಬಹುಮಟ್ಟಿಗೆ ಚದರಡಿ ಲೆಕ್ಕದಲ್ಲಿ. ಇಷ್ಟು ಚದರಡಿಗೆ ಇಷ್ಟು ಕೂಲಿ, ಇಂಥ ದಿನಕ್ಕೆ ಮುಗಿಯಬೇಕು. ಆ ಲೆಕ್ಕದಲ್ಲಿ ಮೇಜು ಹೂಡಿದ ಮುಕ್ಕಾಲು ಗಂಟೆಗೆ ಚದರಡಿಯಿಲ್ಲ. ಗಾರ್ಡನ್ನು ಕಟ್ಟಿದ ತಂತಿ ಆಚಾರ್ರ ಕೈಯದೇ, ಆದರೆ ಉಳಿದ ಸೆಕೆಂಡುಗಳು ಸೇರಿದ್ದು ಮನೆ ಕಟ್ಟಿಸುವವರ ಖಾತೆಗೆ.

ಬೆರಳು ಕೊಡುವುದು ಎಂಬ ಮಾತು ನಮ್ಮ ಈ ಸೀಮೆಗೆ ಹೊಸದಲ್ಲ. ದೇವನಹಳ್ಳಿ, ಹೊಸಕೋಟೆ, ಕೋಲಾರದ ಕಡೆಯ ಮೊರಸುನಾಡಿನಲ್ಲಿ ಒಕ್ಕಲಿಗರ ಒಂದು ಪಂಗಡವನ್ನು ಬೆರಳು ಕೊಡುವವರು ಎಂದೇ ಕರೆಯುತ್ತಿದ್ದರು. ಮಕ್ಕಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮುಂಚೆ ತಾಯಿ ತನ್ನ ಉಂಗುರ ಬೆರಳು, ಕಿರುಬೆರಳುಗಳ ತುದಿಯ ಗಿಣ್ಣನ್ನು ಭೈರವನಿಗೆ ಒಪ್ಪಿಸುತ್ತಿದ್ದಳು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರ ಇದನ್ನು ನಿಷೇಧಿಸಿತು. ಆಮೇಲೆ ಬೆರಳಿಗೆ ಬಂಗಾರದ ತಂತಿ ಸುತ್ತಿ, ಅದನ್ನು ಬಿಚ್ಚಿ ಒಪ್ಪಿಸುವ ರೂಢಿ ಬಂತು. ದೇವರು ಒಪ್ಪಿಕೊಂಡ.

ಆ ತಾಯಂದಿರನ್ನು ಮೂಢರೆಂದು ಹೇಳಿ ಮುಂದೆ ಹೋಗುವುದು ಸುಲಭ. ನನಗೆ ಮಾತ್ರ ಅವರ ವಿಷಯದಲ್ಲಿ ಅಷ್ಟು ಹಗುರವಾಗಿ ಮಾತಾಡಲು ಬಾಯಿ ಬರುವುದಿಲ್ಲ. ಅಲ್ಲಿ ಯಾರಿಗೆ, ಯಾತಕ್ಕೆ, ಯಾವ ದಿನ ಎಂಬುದು ಊರಿಗೆಲ್ಲ ಗೊತ್ತಿತ್ತು. ಕೊಟ್ಟವಳನ್ನು ಕುಲ ನೆನೆಯುತ್ತಿತ್ತು. ನಿಷೇಧಿಸುವವರಿಗೂ ಯಾವುದನ್ನು ನಿಷೇಧಿಸಬೇಕೆಂಬುದು ಕಣ್ಣೆದುರಿಗಿತ್ತು. ಇವತ್ತು ಇದೇ ಸೀಮೆಯಲ್ಲಿ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ರಾಗಿ ಹೊಲಗಳು ಬಡಾವಣೆಗಳಾಗುತ್ತಿರುವ ನೆಲದಲ್ಲಿ, ಬೆರಳು ಹೋದರೆ ಅದನ್ನು ಯಾರೂ ಕೇಳಿರುವುದಿಲ್ಲ, ಯಾರಿಗೂ ಸಂದಿರುವುದಿಲ್ಲ. ಆಚಾರಿಗೆ ಜಾಗ್ರತೆ ಸಾಲದು ಎಂದು ಒಂದು ಮಾತು ಬರುತ್ತದೆ, ಅಷ್ಟೆ. ಕೇಳುವ ದೇವರಾದರೆ ಬಂಗಾರದ ತಂತಿಗೆ ಒಪ್ಪಿಸಬಹುದು. ಇಲ್ಲಿ ಒಪ್ಪಿಸಲು ಯಾರ ಹತ್ತಿರ ಹೋಗುವುದು?

ಕಾನೂನಿನ ಹತ್ತಿರ ಎನ್ನುತ್ತೀರಿ. ಅದು ಬೆರಳನ್ನು ಎಣಿಸಿದೆ, ನಿಜ. 1923ರ ನಷ್ಟ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30ರಷ್ಟು ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರ ಬೆರಳಿಗೆ ಅಥವಾ ಕಿರುಬೆರಳಿಗೆ 7. ಆ ಪಟ್ಟಿಗೆ ಬಲಗೈ ಎಡಗೈ ಎಂಬ ಭೇದವಿರಲಿಲ್ಲ. ಉಳಿ ಹಿಡಿಯುವವನಿಗೆ ಇದೆ. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆದರೆ ಪರಿಹಾರ ಕೇಳಬೇಕಾದರೆ ಮೊದಲು ಒಬ್ಬ ಯಜಮಾನನಿರಬೇಕು. ಗುತ್ತಿಗೆ ಹಿಡಿದ ಆಚಾರಿಗೆ ಯಜಮಾನ ಯಾರು? ಅವನೇ. ಯಂತ್ರಕ್ಕೆ ಗಾರ್ಡು ಕಡ್ಡಾಯವೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತಾದರೂ, ವಿದ್ಯುತ್ತಿನಿಂದ ನಡೆಯುವ ಕೆಲಸವಾದರೆ ಹತ್ತು ಜನರಿದ್ದ ಜಾಗ ಮಾತ್ರ ಸಾಮಾನ್ಯವಾಗಿ ಅದರ ಕಣ್ಣಿಗೆ ಕಾರ್ಖಾನೆ. ಮನೆಯಲ್ಲೇ ನಾಲ್ಕು ವಿದ್ಯುತ್ ಮಗ್ಗ ಹಾಕಿಕೊಂಡ ನಮ್ಮೂರಿನವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಅರ್ಧ ಕಟ್ಟಿದ ಮನೆಯ ಹಜಾರದಲ್ಲಿ ಇಬ್ಬರೇ ಇರುತ್ತಾರೆ, ಒಬ್ಬ ಆಚಾರಿ, ಒಬ್ಬ ಹುಡುಗ.

ಆ ಹುಡುಗನ ವಿಷಯಕ್ಕೆ ಬರಬೇಕು. ನನ್ನ ಬೆರಳು, ನನ್ನಿಷ್ಟ ಎಂಬ ಮಾತು ಸೋಲುವುದು ಅಲ್ಲಿ ಎಂದು ನನಗೆ ತೋರುತ್ತದೆ. ಉದ್ದನೆಯ ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದುಕೊಂಡು ನಿಲ್ಲುವವನು ಅವನು. ಇಡಬೇಕಾದ ಆನಿಕೆಯ ಬದಲು ಅವನ ಕೈ. ಅವನು ಕೆಲಸ ಕಲಿಯುವುದು ನೋಡಿ ನೋಡಿ. ತಂತಿ ಕಟ್ಟಿದ ಗಾರ್ಡನ್ನು ಮೊದಲ ದಿನದಿಂದ ನೋಡಿದವನಿಗೆ ಗಾರ್ಡೆಂದರೆ ಮೇಲೆ ಕಟ್ಟಿಡುವ ಒಂದು ತಗಡು. ಆಚಾರಿಯಾದರೂ ಮೂವತ್ತು ವರ್ಷ ಕೈಗರಗಸ ಹಿಡಿದವರು, ಮರದ ಗಂಟು ಎಲ್ಲಿ ಒದೆಯುತ್ತದೆಂದು ಅವರ ಮಣಿಕಟ್ಟಿಗೆ ಗೊತ್ತು. ಹುಡುಗನಿಗೆ ಆ ಮೂವತ್ತು ವರ್ಷವಿಲ್ಲ, ತಂತಿ ಮಾತ್ರ ಇದೆ. ನಾಳೆ ಅವನೂ ನನ್ನ ಬೆರಳು ಎಂದೇ ಹೇಳುತ್ತಾನೆ. ಆದರೆ ಅದು ಅವನು ಆರಿಸಿಕೊಂಡದ್ದಲ್ಲ. ತನ್ನ ಮೈಯ ಮೇಲೆ ತನಗಿರುವ ಹಕ್ಕನ್ನು ಯಾರೂ ಒಬ್ಬಂಟಿಯಾಗಿ ಚಲಾಯಿಸುವುದಿಲ್ಲ, ಪಕ್ಕದಲ್ಲಿ ಒಬ್ಬ ನೋಡುತ್ತಿರುತ್ತಾನೆ.

ಹಾಗೆಂದು ಆಚಾರ್ರನ್ನು ಮಾತ್ರ ದೂರಿದರೆ ನಾವು ಜಾಣರಾಗಿ ತಪ್ಪಿಸಿಕೊಂಡಂತಾಗುತ್ತದೆ. ಗೃಹಪ್ರವೇಶದ ಮುಹೂರ್ತವನ್ನು ನಾವು ಪಂಚಾಂಗದಲ್ಲಿ ಹುಡುಕುತ್ತೇವೆ, ಜೋಯಿಸರು ಹೇಳಿದ ಗಳಿಗೆಯನ್ನು ಐದು ನಿಮಿಷವೂ ದಾಟಿಸುವುದಿಲ್ಲ. ಶಾಮಿಯಾನದವನಿಗೆ, ಅಡುಗೆಯವನಿಗೆ ಮುಂಗಡ ಕೊಟ್ಟಾಗಿದೆ. ಕೊನೆಯ ವಾರ ಮನೆಯ ಯಜಮಾನ ದಿನಕ್ಕೆ ಮೂರು ಸಲ ಬಂದು ಬಾಗಿಲಲ್ಲಿ ನಿಂತು, ಏನೂ ಹೇಳದೆ, ಕೈಗಡಿಯಾರ ನೋಡಿ ಹೋಗುತ್ತಾನೆ. ಆ ನೋಟಕ್ಕೆ ಕಾನೂನಿನ ಅನುಸೂಚಿಯಲ್ಲಿ ಅಂಕಿಯಿಲ್ಲ. ಆಯುಧಪೂಜೆಯ ದಿನ ಇದೇ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಕೈ ಮುಗಿಯುತ್ತೇವೆ. ಅದು ಸುಳ್ಳು ಭಕ್ತಿ ಎಂದು ನಾನು ಹೇಳಲಾರೆ. ವರ್ಷಕ್ಕೊಮ್ಮೆ ಯಂತ್ರದ ಮುಂದೆ ಸುಮ್ಮನೆ ನಿಲ್ಲುವ ಹೊತ್ತನ್ನು ನಾವೇ ಕೊಟ್ಟುಕೊಳ್ಳುತ್ತೇವಲ್ಲ, ಅಷ್ಟನ್ನು ಉಳಿದ ದಿನಗಳಿಗೂ ಹಂಚಬಾರದೇ ಎಂದು ಮಾತ್ರ ಅನ್ನಿಸುತ್ತದೆ.

ಕಳೆದ ವರ್ಷ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಹತ್ತಿರ ನನ್ನ ಸೋದರತ್ತೆಯ ಮಗಳು ಮನೆ ಕಟ್ಟಿಸಿದಳು. ಮರಗೆಲಸದ ಮಾತು ಆಡುವಾಗ ಚದರಡಿಗೆ ಎಷ್ಟು ಎಂದು ಕೇಳುವ ಮೊದಲು, ಮಷೀನು ಎಲ್ಲಿಡುತ್ತೀರಿ ಎಂದು ಕೇಳಿದಳಂತೆ. ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟು, ಗಟ್ಟಿಯಾದ ಮೇಜಿಗೂ ಎರಡು ಆನಿಕೆಗೂ ತನ್ನ ಖರ್ಚಿನಲ್ಲೇ ಮರ ಕೊಡಿಸಿದಳು; ಅದನ್ನು ಹೂಡಿದ ದಿನಕ್ಕೆ ದಿನಗೂಲಿ ಬೇರೆ. ಗೃಹಪ್ರವೇಶಕ್ಕೆ ನಾನು ಹೋಗಿದ್ದೆ. ಅಡುಗೆಮನೆಯ ಕಪಾಟುಗಳಿಗೆ ಇನ್ನೂ ಬಾಗಿಲಿರಲಿಲ್ಲ, ಒಳಗಿನ ಸ್ಟೀಲ್ ಡಬ್ಬಿಗಳೆಲ್ಲ ಕಾಣುತ್ತಿದ್ದವು. ಬಂದ ಹೆಂಗಸರಲ್ಲಿ ಒಬ್ಬರು, "ಇದೇನಮ್ಮ, ಅರ್ಧಕ್ಕೇ ಪೂಜೆ ಮಾಡ್ಬಿಟ್ಟೆ?" ಎಂದು ಕೇಳಿಯೂ ಬಿಟ್ಟರು. "ಆಚಾರ್ರು ಇನ್ನೂ ನಾಕು ದಿನ ಬೇಕು ಅಂದವ್ರೆ ಅತ್ತೆ" ಎಂದು ಹೇಳಿ ಅವಳು ಒಬ್ಬಟ್ಟಿನ ತಟ್ಟೆ ತೆಗೆದುಕೊಂಡು ಪಂಕ್ತಿಯ ಕಡೆಗೆ ನಡೆದಳು.